ಯಜಮಾನಿಯ ಹೆಸರಿನ ಹಲ್ಲು

"ಹುಟ್ಟಿದ ದಿನಾಂಕ?" ಎಂದು ಕೌಂಟರಿನ ಹೆಂಗಸು ಕೇಳಿದಳು. ಅಡುಗೆಯವಳು ಕಾರಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಹಲ್ಲುನೋವಿಗೆ ಹಾರಿಹೋಗಿತ್ತು.

"ಪಾಪ, ಅಕ್ಕನಿಗೆ ಬಾಯಿ ತೆಗೆಯೋಕೇ ಆಗ್ತಿಲ್ಲ," ಎಂದು ಪಕ್ಕದಲ್ಲಿದ್ದ ಯಜಮಾನಿ ಮುಂದೆ ಬಂದಳು. ಹುಟ್ಟಿದ ದಿನ, ವಿಳಾಸ, ಫೋನ್ ನಂಬರು ಎಲ್ಲ ತಾನೇ ಪಟಪಟನೆ ಹೇಳಿದಳು. ಎಲ್ಲವೂ ಅವಳದೇ ತಾನೆ, ತಡವರಿಸುವ ಮಾತೆಲ್ಲಿ?

ಹೆಂಗಸು ಯಜಮಾನಿಯ ಗುರುತಿನ ಚೀಟಿಯ ಫೋಟೋ ನೋಡಿದಳು, ಅಡುಗೆಯವಳ ಮುಖ ನೋಡಿದಳು. ಕೆನ್ನೆ ಬನ್ನಿನಂತೆ ಊದಿರುವಾಗ ಯಾರ ಫೋಟೋ ತಾಳೆಯಾದೀತು? ಎತ್ತರ, ಮೈಕಟ್ಟು ಇಬ್ಬರದೂ ಹೆಚ್ಚುಕಡಿಮೆ ಒಂದೇ. ಮೈಮೇಲಿದ್ದ ಕೋಟೂ ಯಜಮಾನಿಯದೇ. ನೋಂದಣಿ ಆಗಿಯೇ ಹೋಯಿತು.

ಊರಿನ ಕ್ಲಿನಿಕ್ಕುಗಳದ್ದೆಲ್ಲ ಒಂದೇ ರಾಗ: ನೋಂದಣಿ ಇದ್ದವರಿಗೇ ತುರ್ತು ಚಿಕಿತ್ಸೆ, ಕಾಗದಪತ್ರ ಇದ್ದವರಿಗೇ ನೋಂದಣಿ. ಅಡುಗೆಯವಳಿಗೆ ಕಾಗದವೂ ಇಲ್ಲ, ಹಿಂದುಮುಂದು ಯಾರೂ ಇಲ್ಲ. ಒಲೆಯ ಮುಂದೆ ಕೆನ್ನೆ ಹಿಡಿದು ಅಳುತ್ತಿದ್ದವಳನ್ನು ಯಜಮಾನಿಯೇ ಕೈಹಿಡಿದು ಕಾರು ಹತ್ತಿಸಿದ್ದಳು.

"ನಾನು ಹುಟ್ಟಿದಾಗಿನಿಂದ ಹಲ್ಲಿನ ಡಾಕ್ಟರ ಮುಖ ನೋಡಿಲ್ಲ. ನನ್ನ ಹೆಸರಿನ ಜಾಗ ಖಾಲಿ ಇದೆ, ನೀನು ತಗೋ. ಯಾರ ಗಂಟೇನು ಹೋಗುತ್ತೆ?" ಎಂದಿದ್ದಳು.

ಅವಳಿಗಾದರೂ ನೆಮ್ಮದಿ ಇತ್ತೇ? ಮುಂದಿನ ವಾರ ಅವಳ ಮೇಲಿನ ಮೊಕದ್ದಮೆಯ ತೀರ್ಪು. ಜೈಲು ತಪ್ಪಿದ್ದಲ್ಲ ಎಂದು ಬೀದಿಯೆಲ್ಲ ಗುಸುಗುಸು. ತನ್ನ ತಲೆಯ ಮೇಲೆ ಕತ್ತಿ ತೂಗುತ್ತಿರುವಾಗಲೂ ಅಡುಗೆಯವಳ ಹಲ್ಲಿನ ಚಿಂತೆ. ಇಲ್ಲಿ ಸಿಕ್ಕಿಬಿದ್ದರೆ ಆ ತಾಯಿಯ ಮೇಲೆ ಇನ್ನೊಂದು ಕೇಸು.

ಒಳಗೆ ದಂತವೈದ್ಯೆ ಬಾಯಿಗೆ ಬೆಳಕು ಹಿಡಿದರು. "ಬೇರಲ್ಲಿ ಕೀವಾಗಿದೆ. ಇದೊಂದರ ಎಕ್ಸ್‌ರೇ ತೆಗೆದರೆ ಸಾಕು."

"ಎಲ್ಲಾ ಹಲ್ಲಿಂದೂ ತೆಗೀರಿ ಡಾಕ್ಟ್ರೇ. ಹೇಗೂ ಬಂದಾಗಿದೆ, ಪೂರ್ತಿ ದಾಖಲೆ ಇರ್ಲಿ," ಎಂದಳು ಯಜಮಾನಿ. ವೈದ್ಯೆ ಬೇಡವೆಂದರೂ ಪಟ್ಟು ಬಿಡಲಿಲ್ಲ. ಕೊನೆಗೆ ಯಂತ್ರ ಅಡುಗೆಯವಳ ತಲೆಯ ಸುತ್ತ ಗುಂಯ್ಯೆಂದು ಒಂದು ಸುತ್ತು ಬಂತು.

ಚುಚ್ಚುಮದ್ದು ಕೊಟ್ಟ ಮೇಲೆ ವೈದ್ಯೆ ಯಜಮಾನಿಯನ್ನು ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದರು. ಕುರ್ಚಿಯ ಹತ್ತಿರ ಬಂದು ದನಿ ತಗ್ಗಿಸಿದರು.

"ನೀವು ತುಂಬಾ ನಡುಗ್ತಾ ಇದ್ದೀರ. ಇದು ಹಲ್ಲಿನ ಭಯ ಅಲ್ಲ. ಏನಾದ್ರೂ ಇದ್ರೆ ನನ್ನ ಹತ್ರ ಹೇಳಿ, ಹೊರಗೆ ಹೋಗಲ್ಲ."

ಹೇಳಿಬಿಟ್ಟರೆ ಎದೆಯ ಭಾರ ಇಳಿದೀತು. ಆದರೆ ಉಂಡ ಮನೆಗೆ ದ್ರೋಹ ಬಗೆಯುವುದೆಂತು? ಏನೂ ಇಲ್ಲವೆಂದು ಅಡುಗೆಯವಳು ತಲೆಯಾಡಿಸಿದಳು.

"ಹಾಗಾದ್ರೆ ನಿಮ್ಮ ಹೆಸರು ಒಂದ್ಸಲ ನೀವೇ ಹೇಳಿ."

ತುಟಿ ಮರಗಟ್ಟಿತ್ತು. ಆದರೂ ಯಜಮಾನಿಯ ಹೆಸರನ್ನು ತೊದಲದೆ ಹೇಳಿದಳು. ವೈದ್ಯೆ ಕೀವು ತೆಗೆದು ಹಲ್ಲು ಉಳಿಸಿದರು.

ವಾಪಸು ಬರುವಾಗ ನೋವು ಹೇಳಹೆಸರಿಲ್ಲದಂತೆ ಹೋಗಿತ್ತು. ಅಡುಗೆಯವಳಿಗೆ ಅಳುವೇ ಬಂತು.

"ನಿಮ್ಮ ಋಣ ಯಾವ ಜನ್ಮದಲ್ಲಿ ತೀರಿಸ್ಲಿ ಅಮ್ಮಾ?"

"ಅಷ್ಟು ದೂರ ಯಾಕೆ ಹೋಗ್ತೀಯ? ಇದೇ ಜನ್ಮದಲ್ಲಿ ತೀರುತ್ತೆ ಬಿಡು," ಎಂದು ಯಜಮಾನಿ ಅವಳ ಕೈ ತಟ್ಟಿದಳು.

ತೀರ್ಪಿನ ಹಿಂದಿನ ದಿನ ಆ ಮನೆ ಹೊತ್ತಿ ಉರಿಯಿತು. ಅಡುಗೆಮನೆಯಲ್ಲಿ ಸಿಕ್ಕ ದೇಹದಲ್ಲಿ ಗುರುತು ಹಿಡಿಯಲು ಹಲ್ಲು ಬಿಟ್ಟರೆ ಏನೂ ಉಳಿದಿರಲಿಲ್ಲ. ಪೊಲೀಸರು ದಂತವೈದ್ಯೆಯನ್ನು ಕರೆಸಿದರು. ಅವರು ಎಕ್ಸ್‌ರೇ ಹಿಡಿದು ಒಂದೊಂದೇ ಹಲ್ಲನ್ನು ತಾಳೆ ನೋಡಿದರು, ಕಣ್ಣೊರೆಸಿಕೊಂಡರು.

"ಅನುಮಾನವೇ ಬೇಡ," ಎಂದರು. "ಇವರು ಆ ಮನೆಯ ಯಜಮಾನಿಯೇ."