ಉದ್ಘಾಟನೆಗೆ ಮುಂಚಿನ ರಕ್ತದೊತ್ತಡ

“ಯಂತ್ರ ಮುಟ್ಟಬೇಡಿ ಡಾಕ್ಟರಮ್ಮ! ಗುರುವಾರ ಗವರ್ನರ್ ಸಾಹೇಬ್ರು ಬಂದು ರಿಬ್ಬನ್ ಕತ್ತರಿಸ್ತಾರೆ,” ಎಂದು ಆಸ್ಪತ್ರೆಯ ನಿರ್ದೇಶಕ ಅರಾನ್ಸಿಬಿಯಾ ಕೈ ಅಗಲಿಸಿ ಅಡ್ಡ ನಿಂತರು. ಅವರ ಬೆನ್ನ ಹಿಂದೆ, ಹಸುಗೂಸುಗಳ ರಕ್ತದೊತ್ತಡ ಅಳೆಯುವ ಹೊಸ ಯಂತ್ರ ರಿಬ್ಬನ್ ಸುತ್ತಿಕೊಂಡು ಮದುವಣಗಿತ್ತಿಯಂತೆ ಕೂತಿತ್ತು.

ಪೊತೊಸಿ ಬೆಟ್ಟಸೀಮೆಯ ಆ ಗಣಿ ಊರಿನಲ್ಲಿ ಕೂಸನ್ನು ಕುತ್ತಿಗೆಯಿಂದ ಪಾದದವರೆಗೆ ಉಣ್ಣೆಪಟ್ಟಿಯಲ್ಲಿ ಬಿಗಿದು ಸುತ್ತುತ್ತಾರೆ. ಹಿರಿಯ ವೈದ್ಯರು ಬಂದು, ಒಂದು ಕೈ ಹೊರಗೆಳೆದು, ನಾಡಿ ನೋಡಿ, “ಗಟ್ಟಿಮುಟ್ಟಾಗಿದೆ” ಎಂದು ಕೈಯನ್ನು ಮತ್ತೆ ಒಳಗೆ ತುರುಕಿ ಹೋಗುತ್ತಿದ್ದರು. ಬಡವರ ಮಕ್ಕಳಿಗೆ ಕಾಲೂ ಇರುತ್ತವೆಂಬುದು ಸರ್ಕಾರಕ್ಕೆ ಇನ್ನೂ ವರದಿಯಾಗಿರಲಿಲ್ಲ. ಅಲ್ಲೇ ಹೆರಿಗೆಯಾಗಿ ಮಲಗಿದ್ದ ಬಸಿಲಿಯಾಳ ಕೂಸು ಅಂದು ಮೊಲೆ ಕುಡಿಯುವುದನ್ನೇ ಬಿಟ್ಟಿತ್ತು. ಗ್ರಾಮಸೇವೆಗೆ ಬಂದಿದ್ದ ಕಿರಿಯ ವೈದ್ಯೆ ಹಿಮೆನಾ ಪಟ್ಟಿ ಬಿಚ್ಚಿಸಿದಳು. ಕೈ ಬೆಚ್ಚಗಿತ್ತು. ಕಾಲು ತಣ್ಣಗೆ, ತೊಡೆಸಂದಿಯಲ್ಲಿ ನಾಡಿಯೇ ಸಿಗಲಿಲ್ಲ.

“ಸರ್, ಹೃದಯದಿಂದ ಕೆಳಗಿಳಿಯೋ ರಕ್ತನಾಳ ಕಿರಿದಾಗಿರಬೇಕು. ಕೈಕಾಲು ಎರಡರಲ್ಲೂ ಒತ್ತಡ ನೋಡ್ಬೇಕು. ವ್ಯತ್ಯಾಸ ಎಷ್ಟೂಂತ ಹೇಳ್ದೆ ಲಾ ಪಾಸ್‌ನ ದೊಡ್ಡಾಸ್ಪತ್ರೆಯವರು ಹಾಸಿಗೆ ಕೊಡಲ್ಲ.”

“ಹಳೇ ಯಂತ್ರ ಇದೆಯಲ್ಲ?”

“ಅದರ ಪಟ್ಟಿ ಗಣಿ ಆಳುಗಳ ತೋಳಿನ ಅಳತೇದು. ಕೂಸನ್ನೇ ಸುತ್ತಿಡಬಹುದು.”

“ಹಾಗಾದ್ರೆ ಗುರುವಾರದ ತನಕ ತಡ್ಕೊಳ್ಳಿ. ಮೊದಲ ಸರದಿ ಇದಕ್ಕೇ ಕೊಡ್ತೀನಿ. ಫೋಟೋನೂ ಬರುತ್ತೆ!”

ಬಸಿಲಿಯಾ ಹೆರಿಗೆ ಹಾಸಿಗೆಯಿಂದ ಎದ್ದು ಬಂದಳು. “ಇದನ್ನ ಹೆರೋವಾಗ ನಾನು ಯಾವ ಗವರ್ನರಿಗೂ ಕಾದಿಲ್ಲ ಸ್ವಾಮಿ,” ಎಂದವಳೇ ನಿರ್ದೇಶಕರನ್ನು ಪಕ್ಕಕ್ಕೆ ತಳ್ಳಿ, ರಿಬ್ಬನ್ನನ್ನು ಹಲ್ಲಿನಿಂದ ಕಚ್ಚಿ ಹರಿದಳು.

ಕೈಯಲ್ಲಿ ತೊಂಬತ್ತು. ಕಾಲಲ್ಲಿ ಐವತ್ತು. ಸಂಜೆಯೊಳಗೆ ತಾಯಿ ಮಗು ಲಾ ಪಾಸ್‌ನ ದಾರಿ ಹಿಡಿದಿದ್ದರು.

ಗುರುವಾರ ಹಿಮೆನಾಗೆ ಫೋನ್ ಬಂದಾಗ ಅವಳು ಬಸ್ ನಿಲ್ದಾಣದಲ್ಲಿದ್ದಳು. ಸರ್ಕಾರಿ ರಿಬ್ಬನ್ನಿನ ಮಾನ ಕಾಯದ ತಪ್ಪಿಗೆ ಇನ್ನೂ ಮೇಲಿನ ಬೆಟ್ಟದೂರಿಗೆ ವರ್ಗವಾಗಿತ್ತು.

“ಡಾಕ್ಟರಮ್ಮ, ಕೊಯ್ದು ಸರಿಮಾಡಿದ್ರು,” ಬಸಿಲಿಯಾ ಅಳುತ್ತ ನಗುತ್ತಿದ್ದಳು. “ಕಾಲು ಬೆಚ್ಚಗಿದೆ. ಕಳ್ಳ, ನನ್ನನ್ನೇ ಒದೀತಾನೆ!”

ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಗವರ್ನರ್ ಹೊಸ ರಿಬ್ಬನ್ ಕತ್ತರಿಸುತ್ತಿದ್ದರು. ನಿಜವಾದ ಕೂಸು ರಂಪ ಮಾಡಿ ಫೋಟೋ ಕೆಡಿಸೀತೆಂದು ನಿರ್ದೇಶಕರು ಮೊಮ್ಮಗಳ ರಬ್ಬರ್ ಗೊಂಬೆ ತಂದು ಮಲಗಿಸಿದ್ದರು. ಗವರ್ನರ್ ಅದರ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರು. ಯಂತ್ರ ಸೊನ್ನೆ ತೋರಿಸಿತು.

“ನೋಡಿದಿರಾ,” ಗವರ್ನರ್ ಕ್ಯಾಮೆರಾಗಳತ್ತ ತಿರುಗಿದರು, “ನಮ್ಮ ಆಡಳಿತದಲ್ಲಿ ಕೂಸುಗಳು ಅಳೋದೇ ಇಲ್ಲ.”