ಹಳದಿ ಕೊಕ್ಕೆಯ ಕಡ್ಡಿ

ವಿಜಯವಾಡದ ಗ್ಯಾರೇಜಿನಲ್ಲಿ ಕೊನೆಯ ಬೋಲ್ಟ್ ಸಡಿಲವಾದದ್ದೇ ತಡ, ಕಾರಿನ ಗೇರ್‌ಬಾಕ್ಸಿನ ತಳದಿಂದ ಎಣ್ಣೆ ಸುರಿಯಿತು. ಕೆಂಪಗೆ, ತಿಳಿಯಾಗಿರಬೇಕಿದ್ದ ಎಣ್ಣೆ ರೋಸ್ ಮಿಲ್ಕಿನಂತಾಗಿತ್ತು. ನರಸಿಂಹಮೂರ್ತಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎಣ್ಣೆಗೆ ನೀರು ಸೇರಿದೆ.

ಹಾಸನದಿಂದ ಬಂದು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆಯೇ ತಲೆ ಹಣ್ಣಾದ ಮನುಷ್ಯ. ಒಬ್ಬನೇ ಮಗ ಅಮೋಘ ಸತ್ತು ತಿಂಗಳಾಗಿತ್ತು. ಅವನಿಗೆ ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಕೆಲಸ. ಬಿಡುವು ಸಿಕ್ಕಾಗಲೆಲ್ಲ ತನ್ನ ಹಳೆಯ ಆಟೋಮ್ಯಾಟಿಕ್ ಕಾರಿನಲ್ಲಿ ತಾಯಿಯನ್ನು ನೋಡಲು ಓಡಿಬರುತ್ತಿದ್ದ. ಸಿಂಹಾಚಲ ದೇವಸ್ಥಾನದ ಗಂಧವನ್ನು ಹಣೆಗೆ ಹಚ್ಚದೆ ಇಂದಿರಮ್ಮ ಅವನನ್ನು ಕಳಿಸಿದವರೇ ಅಲ್ಲ. ಕೊನೆಯ ಸಲ ಹಿಂದಿರುಗುವಾಗ, ವಿಜಯವಾಡಕ್ಕೆ ಮುಂಚಿನ ಗನ್ನವರಂ ಹತ್ತಿರ ಲಾರಿಯೊಂದನ್ನು ದಾಟುತ್ತಿದ್ದಂತೆ ಇಂಜಿನ್ ಬೊಬ್ಬಿಟ್ಟಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಹಿಂದಿದ್ದ ಬಸ್ಸು ನಿಲ್ಲಲಿಲ್ಲ.

ನೀರು ಎಲ್ಲಿಂದ ಬಂತು? ಪ್ರವಾಹದ್ದಾದರೆ ಕೆಸರಿರಬೇಕಿತ್ತು, ಇರಲಿಲ್ಲ. ರೇಡಿಯೇಟರ್ ಒಳಗೊಳಗೇ ಸೋರಿದ್ದರೆ ಅದರ ನೀರಿನಲ್ಲಿ ಎಣ್ಣೆ ತೇಲಬೇಕಿತ್ತು, ಅದೂ ಇಲ್ಲ. ಉಳಿದದ್ದು ಒಂದೇ ದಾರಿ. ಎಣ್ಣೆಯ ಮಟ್ಟ ನೋಡುವ ಹಳದಿ ಕೊಕ್ಕೆಯ ಕಡ್ಡಿಯನ್ನು ಎಳೆದು, ಯಾರೋ ಆ ಕೊಳವೆಗೆ ನೀರು ಸುರಿದಿದ್ದಾರೆ. ಅದೂ ಒಂದು ಸಲವಲ್ಲ. ಕ್ಲಚ್ ಪ್ಲೇಟುಗಳ ಪದರವೇ ಕಿತ್ತುಬಂದಿತ್ತು.

ತಳದಲ್ಲಿ ನಸುಹಳದಿ ಗಸಿ ಕೂತಿತ್ತು. ಮೆಕ್ಯಾನಿಕ್ ರಾಮಮೋಹನ್ ಅದನ್ನು ಬೆರಳಲ್ಲಿ ಉಜ್ಜಿ, ಕ್ಲಚ್ಚಿನ ಪುಡಿಯಾದರೆ ಕಪ್ಪಗಿರುತ್ತದೆ, ಇದೇನೋ ಗೊತ್ತಾಗುತ್ತಿಲ್ಲ ಎಂದ. ನರಸಿಂಹಮೂರ್ತಿ ಅತ್ತ ನೋಡಲೇ ಇಲ್ಲ. ಅವರ ಕಣ್ಣು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಸೊಸೆ ಹಾರಿಕಾಳ ಮೇಲಿತ್ತು.

ಕಾರು ದಿನವೂ ನಿಲ್ಲುತ್ತಿದ್ದದ್ದು ಹಾರಿಕಾಳ ಮನೆಬಾಗಿಲಲ್ಲೇ. ಗಂಡ ಹೆಂಡಿರ ಜಗಳ ಬೀದಿಗೆಲ್ಲ ಕೇಳುತ್ತಿತ್ತೆಂದು ನೆರೆಯವರೇ ಹೇಳಿದ್ದರು.

“ಪ್ರತಿ ಸಾರಿ ವೈಜಾಗಿಂದ ಬಂದ ಮೇಲೇನೇ ಗಾಡಿ ಎಳೀತಿರ್ಲಿಲ್ಲ, ಮಾವಯ್ಯ,” ಎಂದಳು ಹಾರಿಕಾ. “ಅದ್ರಲ್ಲಿ ಹೋಗ್ಬೇಡಿ ಅಂತಾನೇ ನಮ್ಮ ಜಗಳ.”

ಯಾರೂ ಕೇಳಿರಲಿಲ್ಲ, ತಾನೇ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದುಕೊಂಡರು ನರಸಿಂಹಮೂರ್ತಿ.

“ನನ್ನ ಮಗನ್ನ ತಿಂದ್ಕೊಂಡೆಯಲ್ಲಮ್ಮ. ಇನ್ನು ನಮ್ಮ ಹೊಸ್ತಿಲು ತುಳೀಬೇಡ.”

ಅವಳು ಅಳಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಿ, ಸ್ಕೂಟರ್ ಹತ್ತಿ ಹೊರಟುಹೋದಳು. ಅದನ್ನೂ ಅವರು ನಾಟಕವೆಂದೇ ಎಣಿಸಿದರು. ವಿಶಾಖಪಟ್ಟಣಕ್ಕೆ ಹೋಗಿ ಹೆಂಡತಿಗೆ ತಿಳಿಸಿ, ಆಮೇಲೆ ಪೊಲೀಸ್ ದೂರು. ರೈಲಿನುದ್ದಕ್ಕೂ ಅದೇ ಮಾತನ್ನು ಬಾಯಲ್ಲಿ ಜೋಡಿಸುತ್ತ ಕೂತರು.

ಮನೆಗೆ ಬಂದಾಗ ಇಂದಿರಮ್ಮ ದೇವರ ಮುಂದೆ ಕುಳಿತು ಪಂಚಪಾತ್ರೆಯ ತೀರ್ಥವನ್ನು ಪುಟ್ಟ ಬಾಟಲಿಗೆ ತುಂಬುತ್ತಿದ್ದರು. ಮಗ ಹೋದ ಮೇಲೆ ಅವರು ಕೈಯಾರೆ ಮಾಡುತ್ತಿದ್ದ ಮೊದಲ ಕೆಲಸ ಅದು. ನರಸಿಂಹಮೂರ್ತಿ ಬಾಯಿ ತೆರೆಯುವುದರೊಳಗೆ ಅವರೇ ಮಾತಾಡಿದರು.

“ಹಾರಿಕಾ ಪಾಪ, ಅದೇ ರಸ್ತೇಲಿ ಸ್ಕೂಟರ್ ಓಡಿಸ್ತಾಳೆ. ತೀರ್ಥದಲ್ಲಿ ಸಿಂಹಾಚಲದ ಗಂಧ ಕದಡಿದೀನಿ, ಅವಳಿಗೆ ಕಳಿಸ್ರೀ. ಸ್ಕೂಟರಿಗೆ ಇದನ್ನ ಎಲ್ಲಿ ಹಾಕ್ಬೇಕೋ ನಂಗೊತ್ತಿಲ್ಲ. ಮಗು ಕಾರಿಗಾದ್ರೆ, ನೀವು ಹಿಂದೊಂದ್ಸಲ ಎಣ್ಣೆ ನೋಡಿದ್ರಲ್ಲ, ಆ ಹಳದಿ ಕೊಕ್ಕೆ ಎಳೆದು ಹಾಕ್ತಿದ್ದೆ, ಅವನು ಹೊರಡೋ ದಿನ ತಪ್ಪದೆ.”

ಬಾಟಲಿಯ ತಳದಲ್ಲಿ ನಸುಹಳದಿ ಗಸಿ ಮೆಲ್ಲನೆ ಕೂರುತ್ತಿತ್ತು. ಇಂದಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಕೊನೇ ಸಲ ಅವಸರದಲ್ಲಿ ಅರ್ಧ ಪಾತ್ರೆ ಮಾತ್ರ ಹಾಕ್ದೆ ಕಣ್ರೀ. ಪೂರ್ತಿ ಹಾಕಿದ್ದಿದ್ರೆ ಮಗು ಉಳೀತಿತ್ತು, ಅಲ್ವಾ?”