ಜೋಡಿ ಪಟ್ಟಿ

ಒಳಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆಯೇ ಹೊಲಿಗೆ ಯಂತ್ರದ ರಿಪೇರಿಯವನು ಬಾಬಿನ್ನುಗಳ ಡಬ್ಬಿಯ ಹಿಂದಿನಿಂದ ಫೋನು ತೆಗೆದ. ಊಟವಾದ ಮೇಲೆ ಹೆಂಡತಿ ತನ್ನ ಫೋನು ಹಿಡಿದು ಒಳಗೆ ಒರಗುತ್ತಾಳೆ, ಹಾಗೇ ನಿದ್ದೆ ಹೋಗುತ್ತಾಳೆ. ಆ ಒಂದು ಗಂಟೆ ಅವನದು. ಮುಂದಿನ ಕೋಣೆಯೇ ಅಂಗಡಿ. ಗಿರಾಕಿ ಕರೆದರೆ ಕೇಳಲೆಂದು ಒಂದೇ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಕದ್ದು ಬೀಡಿ ಸೇದುವವನಂತೆ ಮೂಲೆಗೆ ಸರಿದ. ಪರದೆಯ ಮೇಲೆ ಬ್ಯಾಡ್ಮಿಂಟನ್ ಅಂಕಣ ಬೆಳಗಿತು.

ಆ ಮನೆಯಲ್ಲಿ ಬ್ಯಾಡ್ಮಿಂಟನ್ನಿನ ಹೆಸರೆತ್ತುವಂತಿರಲಿಲ್ಲ. ಮಗಳ ಹೆಸರನ್ನಂತೂ ಎತ್ತುವಂತೆಯೇ ಇರಲಿಲ್ಲ. ಎರಡು ವರ್ಷದ ಹಿಂದೆ, ಪರೀಕ್ಷೆ ಬಿಟ್ಟು ಪಂದ್ಯಕ್ಕೆ ಹೋದಳೆಂದು ಅವನು ಸಿಟ್ಟಿನ ಭರದಲ್ಲಿ ಅವಳ ರ‍್ಯಾಕೆಟ್ಟನ್ನು ಬಾಗಿಲಿಗೆ ಬಡಿದು ಮುರಿದಿದ್ದ. ಚೀಲ ಹಿಡಿದು ಹೊರಟು ನಿಂತವಳಿಗೆ ತಾಯಿ, ಹೊಸ್ತಿಲು ದಾಟಿದರೆ ತಿರುಗಿ ಬರಬೇಡ ಎಂದಿದ್ದಳು. ಮಗಳು ಅಮ್ಮನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟಳು. ಫೋನ್ ನಂಬರೂ ಬದಲಾಯಿತು. ಮಾರನೆಯ ದಿನವೇ ಹೆಂಡತಿ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಇಳಿಸಿದಳು. ಅವಳ ಕಣ್ಣಲ್ಲಿ ಅವನು ಒಂದು ಹನಿ ನೀರು ಕಾಣಲಿಲ್ಲ. ಇವಳದು ಕಲ್ಲೆದೆ ಎಂದುಕೊಂಡ.

ಅಂಕಣದಿಂದ ಮನೆಗೆ ಬಂದ ಮೇಲೂ ಮಗಳು ಊಟ ನಿದ್ದೆ ಬಿಟ್ಟು ಆಡುತ್ತಿದ್ದದ್ದು ಫೋನಿನ ಈ ಬ್ಯಾಡ್ಮಿಂಟನ್ ಆಟವನ್ನು. ಎಲ್ಲಿದ್ದರೂ ಇದನ್ನು ಬಿಟ್ಟಿರಲಾರಳು ಎಂಬ ಒಂದೇ ಆಸೆಯಿಂದ ಅವನೂ ಸೇರಿದ. ಹೆಸರು ಕೇಳಿದಾಗ ‘ಕುಂಟಣ್ಣ’ ಎಂದು ಬರೆದ. ಮನೆಯ ಕಾಲು ಮುರಿದ ಸ್ಟೂಲಿಗೆ ಮಗಳು ನಾಲ್ಕನೆಯ ವಯಸ್ಸಿನಲ್ಲಿ ಇಟ್ಟ ಹೆಸರದು. ಪಕ್ಕದ ಗಿಡ್ಡ ಮಣೆಯನ್ನು ‘ಕುಂಟಣ್ಣನ ತಂಗಿ’ ಎನ್ನುತ್ತಿದ್ದಳು. ಮೂರು ವಾರ ಯಾರ್ಯಾರೊಡನೆಯೋ ಆಡಿ ಸೋತ. ನಾಲ್ಕನೆಯ ವಾರ, ಜೋಡಿಯಾಗೋಣವೇ ಎಂದು ಕರೆ ಬಂತು. ಕರೆದವರ ಹೆಸರು ಕುಂಟಣ್ಣನ ತಂಗಿ. ಮನೆಯವರಿಗಲ್ಲದೆ ಆ ಹೆಸರು ಇನ್ಯಾರಿಗೆ ಗೊತ್ತು? ಅವನು ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತ.

ಆ ಆಟದಲ್ಲಿ ಮಾತು ಬರೆಯಲು ಬರುವುದಿಲ್ಲ. ಆಟದವರೇ ಕೊಟ್ಟ ಎಂಟು ಸಿದ್ಧ ಮಾತುಗಳಿವೆ, ಬೇಕಾದ್ದನ್ನು ಒತ್ತಬೇಕು, ಅಷ್ಟೆ. ಹೊಡೆತ ತಪ್ಪಿಸಿದವರು ಒತ್ತುವ ಮಾತು ‘ತಪ್ಪು ನನ್ನದು’. ಅವನು ಹೊಡೆತ ತಪ್ಪದಿದ್ದರೂ ಅದನ್ನೇ ಒತ್ತುತ್ತಿದ್ದ. ಅತ್ತಲಿಂದಲೂ ಅದೇ ಬರುತ್ತಿತ್ತು, ಒಮ್ಮೊಮ್ಮೆ ಒಂದೇ ಆಟದಲ್ಲಿ ಹತ್ತು ಸಲ. ಮೊದಮೊದಲು ಅವಳು ತೀರ ಸುಲಭದ ಹೊಡೆತಗಳನ್ನೂ ಬಿಡುತ್ತಿದ್ದಳು. ಅಪ್ಪನಿಗೆ ಮುಜುಗರವಾಗದಿರಲಿ ಎಂದು ಬೇಕಂತಲೇ ಬಿಡುತ್ತಾಳೆ ಎಂದು ಅವನು ಕರಗಿಹೋದ. ಹೆಂಡತಿಯ ಅಣ್ಣ ಬಂದು ಮಧ್ಯಾಹ್ನವೆಲ್ಲ ಕುಳಿತ ದಿನ ಇವನಿಗೆ ಆಡಲಾಗಲಿಲ್ಲ. ಮಾರನೆಯ ದಿನ ನೋಡಿದರೆ, ಹಿಂದಿನ ದಿನ ಅವಳೂ ಆಟಕ್ಕೆ ಬಂದಿರಲಿಲ್ಲ. ಕರುಳಿನ ನಂಟು ಅಂದರೆ ಇದೇ ಎಂದು ಹಿಗ್ಗಿದ.

ಇನ್ನು ಪೆಟ್ಟಿಗೆಯ ಮಾತು. ಜೋಡಿಯಾಗಿ ಆಡಿದ ಪ್ರತಿ ಆಟಕ್ಕೂ ಒಂದು ಬಿಲ್ಲೆ. ಇಬ್ಬರೂ ಒಪ್ಪಿ ಬಿಲ್ಲೆಗಳನ್ನೆಲ್ಲ ಸುರಿದರೆ ಒಂದು ಮುಚ್ಚಿದ ಪೆಟ್ಟಿಗೆ ತೆರೆಯಬಹುದು. ಒಳಗೆ ಏನಿದೆಯೋ ದೇವರಿಗೇ ಗೊತ್ತು. ಬೂಟು ಬರಬಹುದು, ಟೋಪಿ ಬರಬಹುದು, ಅಪರೂಪಕ್ಕೆ ಜೋಡಿ ಪಟ್ಟಿ ಬರಬಹುದು. ಮಣಿಕಟ್ಟಿನ ಆ ಪಟ್ಟಿ ಸಿಕ್ಕ ಇಬ್ಬರು ಬಾಯಿಬಿಟ್ಟು ಮಾತಾಡಿಕೊಳ್ಳಬಹುದು. ಸಿಗದಿದ್ದರೆ ಜೋಡಿ ಮುರಿಯುತ್ತದೆ. ಅವರಿಬ್ಬರನ್ನು ಆಟ ಮತ್ತೆ ಸೇರಿಸುವುದಿಲ್ಲ. ಮಗಳ ದನಿ ಕೇಳಬೇಕು, ಇಲ್ಲವೇ ಮಗಳನ್ನು ಇನ್ನೊಮ್ಮೆ ಕಳೆದುಕೊಳ್ಳಬೇಕು.

ಎದುರಿನ ಮೊಬೈಲ್ ಅಂಗಡಿಯವನು ಈ ಆಟದಲ್ಲಿ ಪಳಗಿದ ಕೈ. “ಮುನ್ನೂರು ಬಿಲ್ಲೆ ಆಗೋವರೆಗೂ ಪೆಟ್ಟಿಗೆ ಮುಟ್ಟಬೇಡಿ ಅಂಕಲ್. ಮುನ್ನೂರಕ್ಕೆ ಅರ್ಧಕ್ಕರ್ಧ ಚಾನ್ಸು. ಆಮೇಲೆ ಎಷ್ಟು ಕಾದ್ರೂ ಅಷ್ಟೇ,” ಎಂದಿದ್ದ.

ಮುನ್ನೂರು ಎಂದೋ ದಾಟಿತ್ತು. ಈಗ ನಾನೂರ ಹನ್ನೊಂದು. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ, ಭಯವೊಂದಿತ್ತು. ಪೆಟ್ಟಿಗೆ ಎದುರು ಬಂದಾಗಲೆಲ್ಲ ಅವನು ‘ಇನ್ನೂ ಕಾಯೋಣ’ ಒತ್ತುತ್ತಿದ್ದ. ಅವಳೂ ಅದನ್ನೇ ಒತ್ತುತ್ತಿದ್ದಳು. ಅವಳಿಗೂ ನನ್ನನ್ನು ಕಳೆದುಕೊಳ್ಳುವ ಭಯ ಎಂದು ತಿಳಿದು ಅವನ ಎದೆ ತುಂಬಿ ಬರುತ್ತಿತ್ತು.

ಇವತ್ತು ಮಗಳು ಹುಟ್ಟಿದ ದಿನ. ಬೆಳಿಗ್ಗೆ ಹೆಂಡತಿಯ ಮುಖ ನೋಡಿದ. ಅವಳು ತುಟಿ ಬಿಚ್ಚದೆ ಪಾತ್ರೆ ತೊಳೆದಳು. ಅವನು ಎದ್ದು ಅಂಗಡಿಗೆ ಹೋದ. ಈಗ, ಆಟ ಶುರುವಾಗುವ ಮೊದಲೇ ಅತ್ತಲಿಂದ ಮಾತು ಬಂದು ಕಾಯುತ್ತಿತ್ತು: ‘ಪೆಟ್ಟಿಗೆ ತೆರೆಯೋಣ’.

ತಾರೀಖು ನೆನಪಿಟ್ಟುಕೊಂಡೇ ಕೇಳುತ್ತಿದ್ದಾಳೆ. ಅಪ್ಪನ ಜೊತೆ ಮಾತಾಡಬೇಕೆನಿಸಿದೆ ಅವಳಿಗೆ. ಅವನ ಹೆಬ್ಬೆರಳು ‘ಇನ್ನೂ ಕಾಯೋಣ’ದ ಮೇಲೆ ಹೋಗಿ ನಿಂತಿತು. ಆದರೆ ಮಗಳು ಬೇಕೆಂದದ್ದಕ್ಕೆ ಬೇಡವೆಂದು ಪಟ್ಟ ಪಾಡು ಒಂದು ಜನ್ಮಕ್ಕೆ ಸಾಕಾಗಿತ್ತು. ಕಣ್ಣು ಮುಚ್ಚಿ ‘ತೆರೆಯೋಣ’ ಒತ್ತಿದ.

ಪೆಟ್ಟಿಗೆ ಗಿರಗಿರನೆ ತಿರುಗಿತು. ಬೂಟು ಹಾದುಹೋಯಿತು. ಟೋಪಿ ಬಂದು ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ಸರಿಯಿತು. ಎರಡು ಕೆಂಪು ಪಟ್ಟಿಗಳು ಪಕ್ಕಪಕ್ಕ ಬಂದು ನಿಂತವು. ಪರದೆಯ ಮೂಲೆಯಲ್ಲಿ ಮೈಕಿನ ಗುರುತು ಹಸಿರಾಯಿತು.

ಎರಡು ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಅತ್ತ ಯಾರೋ ಬಿಕ್ಕನ್ನು ನುಂಗಿಕೊಳ್ಳುತ್ತಿದ್ದರು. ಅಳಬೇಡ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅತ್ತಲಿಂದಲೇ ದನಿ ಬಂತು.

“ಮಗಳೇ, ಅಮ್ಮ ಕಣೇ. ಮನೆಗೆ ಬಾ,” ಎಂಬ ಮಾತು ಫೋನಿನಲ್ಲೂ ಕೇಳಿಸಿತು, ಒಳಕೋಣೆಯಿಂದಲೂ ಕೇಳಿಸಿತು.